ಕೆಂಪಿಯ ಎಡಗಣ್ಣು: ನಾಯಿಯ ಕಣ್ಣಿನ ಹಿಂದೆ ಬೆಳೆದ ಗಡ್ಡೆಯ ಒಂದು ಪ್ರಕರಣ

ಆರಿದ್ರಾ ಮಳೆ ಹಿಡಿದು ಮೂರನೇ ದಿನ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದರೆ ಸಿಗುವ ಒಂದು ತೋಟದ ಮನೆಗೆ ಕರು ನೋಡಲು ಹೋಗಿದ್ದೆ. ಭೇದಿಗೆ ಔಷಧಿ ಕೊಟ್ಟು ಕೈ ತೊಳೆಯುತ್ತಿದ್ದಾಗ ಮನೆಯ ಅಜ್ಜಿ ಜಗಲಿಯಿಂದಲೇ ಕರೆದರು. "ಡಾಕ್ಟ್ರೇ, ಹೆಂಗೂ ಬಂದಿದೀರಿ, ನಮ್ಮ ಕೆಂಪಿ ಕಣ್ಣು ಒಂಚೂರು ನೋಡಿ. ಎಡಗಣ್ಣು ಎಂತಕೋ ದೊಡ್ಡ ಆದಂಗೆ ಕಾಣ್ತದೆ."

ಕೆಂಪಿ ನಾಡ ತಳಿಯ ಹೆಣ್ಣು ನಾಯಿ. ಒಂಬತ್ತು ವರ್ಷ, 17 ಕೆಜಿ. ಮಂಗ ಓಡಿಸುವುದು, ರಾತ್ರಿ ತೋಟಕ್ಕೆ ಇಳಿಯುವ ಹಂದಿಗೆ ಬೊಗಳುವುದು ಅದರ ಕೆಲಸ. ಎಡಗಣ್ಣು ನಿಜಕ್ಕೂ ದೊಡ್ಡದಾಗಿ ಕಾಣುತ್ತಿತ್ತು. ಮೂಗಿನ ಕಡೆಯ ಮೂಲೆಯಿಂದ ಮೂರನೇ ರೆಪ್ಪೆ ಕೆಂಪಗೆ ಮೇಲೆದ್ದು ಕಣ್ಣಿನ ಕಾಲು ಭಾಗ ಮುಚ್ಚಿತ್ತು. ನೀರು ಸುರಿಯುತ್ತಿತ್ತು.

ದೊಡ್ಡದಾಗಿ ಕಾಣುವ ಕಣ್ಣಿನಲ್ಲಿ ಎರಡು ಬಗೆ. ಒಂದು, ಕಣ್ಣುಗುಡ್ಡೆಯೇ ಉಬ್ಬಿರುವುದು. ಗ್ಲಾಕೋಮಾದಲ್ಲಿ ಒಳಗಿನ ಒತ್ತಡ ಏರಿ ಹೀಗಾಗುತ್ತದೆ. ಇನ್ನೊಂದು, ಗುಡ್ಡೆಯ ಅಳತೆ ಸರಿಯಾಗಿಯೇ ಇದ್ದು ಹಿಂದಿನಿಂದ ಏನೋ ಅದನ್ನು ಮುಂದಕ್ಕೆ ನೂಕಿರುವುದು. ಇವೆರಡನ್ನು ಬೇರ್ಪಡಿಸಲು ಜಗಲಿಯ ಮೇಲೂ ಆಗುತ್ತದೆ. ನಾಯಿಯ ಹಿಂದೆ ನಿಂತು ನೆತ್ತಿಯ ಮೇಲಿನಿಂದ ಕೆಳಗೆ ನೋಡಬೇಕು: ಯಾವ ಕಣ್ಣು ಮುಂದಿದೆ ಎನ್ನುವುದು ಅಲ್ಲಿಂದ ಚೆನ್ನಾಗಿ ತಿಳಿಯುತ್ತದೆ. ಕಪ್ಪು ಭಾಗದ ಅಗಲವನ್ನು ಎರಡೂ ಕಡೆ ಹೋಲಿಸಬೇಕು. ಆಮೇಲೆ ಮುಚ್ಚಿದ ರೆಪ್ಪೆಗಳ ಮೇಲೆ ಬೆರಳಿಟ್ಟು ಎರಡೂ ಗುಡ್ಡೆಗಳನ್ನು ಮೆಲ್ಲನೆ ಒಳಕ್ಕೆ ಒತ್ತಬೇಕು. ಆರೋಗ್ಯವಂತ ನಾಯಿಯಲ್ಲಿ ಗುಡ್ಡೆ ಮೆತ್ತಗೆ ಒಳಕ್ಕೆ ಹೋಗುತ್ತದೆ, ಹಿಂದಿರುವ ಕೊಬ್ಬು ಜಾಗ ಕೊಡುತ್ತದೆ. ಕೆಂಪಿಯ ಬಲಗಣ್ಣು ಹಾಗೆಯೇ ಹೋಯಿತು. ಎಡಗಣ್ಣು ಜಗ್ಗಲಿಲ್ಲ.

ಹಾಗಾದರೆ ಹಿಂದೆ ಏನೋ ಇದೆ. ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ.

"ಹೋದ ಮಾಗಿಯಲ್ಲಿ ಮುಳ್ಳುಹಂದಿ ಜೊತೆ ಜಗಳ ಆಡಿ ಬಂದಿತ್ತು, ಮುಖದ ತುಂಬ ಮುಳ್ಳು. ನಾವೇ ಕಿತ್ತೆವು" ಎಂದರು ಯಜಮಾನರು. ಆ ಮಾತು ಕೇಳಿದ ಕೂಡಲೆ ನನ್ನ ತಲೆಯಲ್ಲಿ ರೋಗ ತೀರ್ಮಾನವಾಗಿಬಿಟ್ಟಿತು. ಮುರಿದ ಮುಳ್ಳಿನ ತುದಿ ಮಾಂಸದೊಳಗೆ ಸರಿಯುತ್ತಾ ಹೋಗಿ ಎಲ್ಲೆಲ್ಲೋ ಕೀವು ಕಟ್ಟುವುದನ್ನು ಮಲೆನಾಡಿನ ಪಶುವೈದ್ಯರೆಲ್ಲ ಕಂಡಿರುತ್ತಾರೆ. ಕಣ್ಣಿನ ಹಿಂದೆ ಕುರು ಎಂದುಕೊಂಡೆ. ರೋಗಾಣು ಕೊಲ್ಲಲು ಹತ್ತು ದಿನಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಊತಕ್ಕೆ ಐದು ದಿನದ ಸ್ಟೀರಾಯ್ಡ್ ಮಾತ್ರೆ, ಕಣ್ಣು ಒಣಗದಂತೆ ಜೆಲ್ ಬರೆದುಕೊಟ್ಟೆ.

ಹೊರಡುವ ಮೊದಲು ಕೆಂಪಿಯ ಬಾಯಿ ತೆರೆಸಿಯೂ ನೋಡಿದ್ದೆ. ಪೂರ್ತಿ ತೆರೆಯಿತು. ಕುಂಯ್ ಎನ್ನಲಿಲ್ಲ. ಜ್ವರ ಇರಲಿಲ್ಲ, 101.6 ಡಿಗ್ರಿ. ಬೆಳಿಗ್ಗೆ ಗಂಜಿ ಪೂರ್ತಿ ತಿಂದಿತ್ತು. ಮೂರು ಗುರುತುಗಳೂ ಕುರುವಿಗೆ ವಿರುದ್ಧವಾಗಿದ್ದವು. ಮೂರನ್ನೂ ನೋಡಿ ಪುಸ್ತಕದಲ್ಲಿ ಬರೆದುಕೊಂಡೆ, ಆದರೆ ಅವು ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ಬಾಯಿ ತೆರೆಸುವುದು ಯಾಕೆ

ಮನುಷ್ಯರ ಕಣ್ಣಿನ ಗೂಡು ಸುತ್ತಲೂ ಮೂಳೆಯ ಬಟ್ಟಲು. ನಾಯಿಯದು ಹಾಗಲ್ಲ. ಹೊರಮಗ್ಗುಲಲ್ಲಿ ಮೂಳೆಯ ಬದಲು ಗಟ್ಟಿ ನಾರಿನ ಒಂದು ಪಟ್ಟಿ ಇದೆ. ತಳದಲ್ಲಂತೂ ಬಹುಪಾಲು ಮಾಂಸಖಂಡವೇ. ಆ ಮಾಂಸದ ಕೆಳಗೆ, ಮೇಲ್ದವಡೆಯ ಕೊನೆಯ ಹಲ್ಲಿನ ಹಿಂದೆ, ಬಾಯಿಯ ಮೆತ್ತನೆಯ ಒಳಪೊರೆ. ನಾಯಿ ಬಾಯಿ ತೆರೆದಾಗ ಕೆಳದವಡೆಯ ಹಿಂಬದಿಯ ಮೇಲ್ಮುಖ ಚಾಚು ಮುಂದಕ್ಕೆ ಸರಿದು ಕಣ್ಣುಗೂಡಿನಲ್ಲಿರುವುದನ್ನು ಒತ್ತುತ್ತದೆ. ಅಲ್ಲಿ ಕೀವು ತುಂಬಿದ್ದರೆ ಆ ಒತ್ತು ಸಹಿಸಲಾಗದ ನೋವು. ನಾಯಿ ಅನ್ನ ಬಿಡುತ್ತದೆ, ಆಕಳಿಸಲೂ ಹೆದರುತ್ತದೆ, ಬಾಯಿಗೆ ಕೈ ಹಾಕಿದರೆ ಕಚ್ಚಲು ಬರುತ್ತದೆ. ಕುರು ಬರುವುದೂ ಬೇಗ, ಎರಡು ಮೂರು ದಿನದಲ್ಲಿ ಕಣ್ಣು ಮುಂದೆ ಬಂದಿರುತ್ತದೆ. ಅರಿವಳಿಕೆ ಕೊಟ್ಟು ಕೊನೆಯ ಹಲ್ಲಿನ ಹಿಂದೆ ಪೊರೆಯನ್ನು ತುಸು ಕೊಯ್ದು, ಮೊಂಡು ಚಿಮಟದಿಂದ ಮೆಲ್ಲನೆ ದಾರಿ ಬಿಡಿಸಿದರೆ ಕೀವು ಬಾಯಿಗೇ ಇಳಿಯುತ್ತದೆ. ಮಾರನೇ ದಿನ ನಾಯಿ ಬೇರೆಯದೇ ಆಗಿರುತ್ತದೆ. ನಮ್ಮ ವೃತ್ತಿಯಲ್ಲಿ ಇಷ್ಟು ಬೇಗ ಸಮಾಧಾನ ಕೊಡುವ ಕೆಲಸ ಕಡಿಮೆ.

ಗಡ್ಡೆ ಬೆಳೆಯುವುದು ವಾರ, ತಿಂಗಳುಗಳ ಲೆಕ್ಕದಲ್ಲಿ. ಸಾಮಾನ್ಯವಾಗಿ ವಯಸ್ಸಾದ ನಾಯಿಯಲ್ಲಿ, ಒಂದೇ ಕಡೆ, ಮೊದಮೊದಲು ನೋವಿಲ್ಲದೆ. ಈ ನಿಯಮಕ್ಕೆ ಅಪವಾದಗಳಿವೆ. ಮೂಳೆ ತಿನ್ನುವ ಗಡ್ಡೆ ನೋಯುತ್ತದೆ, ಹಳೆಯ ಕುರು ಕೆಲವೊಮ್ಮೆ ಸುಮ್ಮನಿರುತ್ತದೆ. ಆದರೂ ನೋವಿಲ್ಲದೆ ಬಾಯಿ ತೆರೆಯುವ ಒಂಬತ್ತು ವರ್ಷದ ನಾಯಿಯ ಒಂದೇ ಕಣ್ಣು ಮುಂದೆ ಬಂದಿದ್ದರೆ ಮೊದಲು ಗಡ್ಡೆಯ ಅನುಮಾನವೇ ಬರಬೇಕು.

ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದ್ದಕ್ಕೆ "ಹದಿನೈದು ದಿನ ಆಗಿರಬಹುದು" ಎಂದಿದ್ದರು. ನಾನು ಅದನ್ನೇ ನಂಬಿದೆ. ಆಮೇಲೆ ಮೊಮ್ಮಗಳು ಫೋನಿನಲ್ಲಿ ಯುಗಾದಿಯ ದಿನ ತೆಗೆದ ಫೋಟೋ ತೋರಿಸಿದಳು. ಅದರಲ್ಲೇ ಎಡಗಣ್ಣಿನ ಬಿಳಿ ತುಸು ಹೆಚ್ಚು ಕಾಣುತ್ತಿತ್ತು. ದಿನಾ ನೋಡುವವರಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ. ಈಗ ಇಂಥ ನಾಯಿ ಬಂದರೆ ನಾನು ಮೊದಲು ಕೇಳುವುದೇ ಹಳೆಯ ಫೋಟೋ.

ಆಶ್ಲೇಷ ಮಳೆಯಲ್ಲಿ

ಮಾತ್ರೆ ಮುಗಿಯುವ ಹೊತ್ತಿಗೆ "ಕಣ್ಣು ಒಳಗೆ ಹೋಗಿದೆ, ಅಡ್ಡಿಲ್ಲ" ಎಂದು ಫೋನ್ ಬಂತು. ನನಗೂ ಸಮಾಧಾನವಾಯಿತು. ಇಳಿದದ್ದು ಗಡ್ಡೆಯ ಸುತ್ತಲಿನ ಬಾವು, ಇಳಿಸಿದ್ದು ಸ್ಟೀರಾಯ್ಡ್. ಏನೆಂದು ಗೊತ್ತಿಲ್ಲದೆ ಸ್ಟೀರಾಯ್ಡ್ ಕೊಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಕಣ್ಣಿನ ಹಿಂದಿರುವುದು ಲಿಂಫೋಮಾ (ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್) ಆಗಿದ್ದರೆ ಸ್ಟೀರಾಯ್ಡ್‌ಗೆ ಅದು ಕೆಲಕಾಲ ಕರಗುತ್ತದೆ, ಆಗ ತೆಗೆದ ಮಾದರಿಯಲ್ಲಿ ರೋಗವೇ ಸರಿಯಾಗಿ ಕಾಣದೆ ಹೋಗಬಹುದು.

ಮುಂದೆ ತೋಟದ ಕೆಲಸ ಮೇಲೆ ಬಿತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸುತ್ತು ಔಷಧಿ ಹೊಡೆಯಬೇಕು, ಮಳೆ ಬಿಡುವು ಕೊಡುತ್ತಿಲ್ಲ, ಮರ ಹತ್ತುವ ಕೊನೆಗೌಡ ಸಿಗುತ್ತಿಲ್ಲ. ನಾಯಿಯ ಕಣ್ಣು ಮತ್ತೆ ಮುಂದೆ ಬಂದಾಗ ಮೆಡಿಕಲ್ ಶಾಪಿನಿಂದ ಕಣ್ಣಿನ ಡ್ರಾಪ್ಸ್ ತಂದು ಹಾಕಿದ್ದಾರೆ. ಆಶ್ಲೇಷ ಮಳೆಯಲ್ಲಿ ಅವರು ಜೀಪಿನಲ್ಲಿ ಕೆಂಪಿಯನ್ನು ಕರೆತಂದಾಗ ಆ ಬಾಟಲಿಯೂ ಜೊತೆಗಿತ್ತು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುವ ಹನಿ. ರೆಪ್ಪೆ ಪೂರ್ತಿ ಮುಚ್ಚದೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಒಣಗಿ ನಡುವೆ ಹುಣ್ಣಾಗಿತ್ತು. ಬಣ್ಣದ ಪಟ್ಟಿ ತಾಗಿಸಿದಾಗ ಹುಣ್ಣು ಹಸಿರಾಗಿ ಹೊಳೆಯಿತು. ಹುಣ್ಣಿನ ಮೇಲೆ ಸ್ಟೀರಾಯ್ಡ್ ಹನಿ ಹಾಕಿದರೆ ಕಾರ್ನಿಯಾ ಕರಗಿ ತೂತೇ ಆಗಬಹುದು. ಕೂಡಲೆ ನಿಲ್ಲಿಸಿದೆ.

"ಎಡಗಡೆ ಬಾಗಿಲ ದಾರಂದಕ್ಕೆ ತಾಗ್ತಾ ಓಡಾಡ್ತದೆ ಡಾಕ್ಟ್ರೇ" ಎಂದರು ಯಜಮಾನರು.

ಆಗ ಮಾಡಿದ್ದನ್ನು ನಾನು ಆರಿದ್ರಾ ಮಳೆಯಲ್ಲೇ ಮಾಡಬೇಕಿತ್ತು. ಕಿಟಕಿ ಮುಚ್ಚಿ ಕೋಣೆ ಕತ್ತಲೆ ಮಾಡಿ ಟಾರ್ಚ್ ಹಿಡಿದೆ. ಬೆಳಕು ಎಡಗಣ್ಣಿಗೆ ಬಿದ್ದಾಗ ಎಡ ಪಾಪೆ ಕುಗ್ಗಲಿಲ್ಲ, ಬಲ ಪಾಪೆಯೂ ಕುಗ್ಗಲಿಲ್ಲ. ಬಲಗಣ್ಣಿಗೆ ಬಿದ್ದಾಗ ಎರಡೂ ಕುಗ್ಗಿದವು. ಇದರ ಅರ್ಥ ಇಷ್ಟು: ಎಡ ಪಾಪೆಯನ್ನು ಕುಗ್ಗಿಸುವ ನರ ಸರಿಯಾಗಿದೆ, ಇಲ್ಲದಿದ್ದರೆ ಬಲಗಣ್ಣಿನ ಬೆಳಕಿಗೆ ಅದು ಓಗೊಡುತ್ತಿರಲಿಲ್ಲ. ಕೆಟ್ಟಿರುವುದು ಎಡಗಣ್ಣಿನಿಂದ ಮಿದುಳಿಗೆ ಬೆಳಕಿನ ಸುದ್ದಿ ಒಯ್ಯುವ ದೃಷ್ಟಿನರ. ಹತ್ತಿಯ ಉಂಡೆ ಎಡಗಡೆಯಿಂದ ಬೀಳಿಸಿದರೆ ಕೆಂಪಿ ನೋಡಲಿಲ್ಲ, ಬಲದಿಂದ ಬೀಳಿಸಿದರೆ ತಲೆ ತಿರುಗಿಸಿತು.

ಕಣ್ಣು ಎತ್ತ ಓರೆಯಾಗಿದೆ ಎನ್ನುವುದರಿಂದಲೂ ತಿಳಿಯುವುದಿದೆ. ಗಡ್ಡೆ ಒಂದು ಮಗ್ಗುಲಲ್ಲಿದ್ದರೆ ಗುಡ್ಡೆ ಅದರ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಮೂಗಿನ ಒಳಗಿನಿಂದ ಬಂದ ಕ್ಯಾನ್ಸರ್ ಕಣ್ಣುಗೂಡಿನ ಒಳಗೋಡೆ ಕೊರೆದು ನುಗ್ಗಿದರೆ ಕಣ್ಣು ಹೊರಕ್ಕೆ ಓರೆಯಾಗುತ್ತದೆ. ಕೆಂಪಿಯ ಕಣ್ಣು ಯಾವ ಕಡೆಗೂ ಓರೆಯಾಗದೆ ನೇರ ಮುಂದಕ್ಕೆ ಬಂದಿತ್ತು. ಅಂದರೆ ಗಡ್ಡೆ ಕಣ್ಣನ್ನು ತಿರುಗಿಸುವ ಸ್ನಾಯುಗಳು ಸುತ್ತುವರಿದ ಜಾಗದ ಒಳಗೆ, ನರದ ಆಸುಪಾಸಿನಲ್ಲಿದೆ. ಮೂಗಿನ ಹೊಳ್ಳೆಗಳ ಮುಂದೆ ಗಾಜಿನ ಸ್ಲೈಡ್ ಹಿಡಿದೆ. ಎರಡೂ ಕಡೆ ಒಂದೇ ಸಮ ಹಬೆ ಕಟ್ಟಿತು, ಮೂಗಿನ ದಾರಿ ಬಿಡುವಾಗಿದೆ. ತಲೆಯ ಮೇಲಿನ, ಕೆನ್ನೆಯ ಅಗಿಯುವ ಸ್ನಾಯುಗಳನ್ನು ಮುಟ್ಟಿ ನೋಡಿದೆ. ಆ ಸ್ನಾಯುಗಳೇ ಬಾತು ಕಣ್ಣನ್ನು ನೂಕುವ ಕಾಯಿಲೆಯೊಂದಿದೆ, ಅದರಲ್ಲಿ ಹೆಚ್ಚಾಗಿ ಎರಡೂ ಕಡೆ ಊದಿ ಬಾಯಿ ತೆರೆಯಲಾಗುವುದಿಲ್ಲ. ಕೆಂಪಿಗೆ ಅದೂ ಇರಲಿಲ್ಲ. ಕೆನ್ನೆಮೂಳೆಯ ಹಿಂದಿನ ಜೊಲ್ಲಿನ ಗ್ರಂಥಿ ಊದಿದ್ದರೆ ಬಾಯಲ್ಲಿ ಕೊನೆಯ ಹಲ್ಲಿನ ಬಳಿ ಉಬ್ಬು ಕಾಣಬಹುದು. ಅಲ್ಲಿ ಸಪಾಟಾಗಿತ್ತು.

ಇಷ್ಟಕ್ಕೂ ಬೇಕಾದದ್ದು ಟಾರ್ಚ್, ಹತ್ತಿ, ಗಾಜಿನ ಚೂರು ಮತ್ತು ಇಪ್ಪತ್ತು ನಿಮಿಷ.

ಶಿವಮೊಗ್ಗ, ಬೆಂಗಳೂರು

ಮಾರನೇ ದಿನ 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಕರೆದೊಯ್ದೆವು. ಮಂಡಗದ್ದೆಯ ಹತ್ತಿರ ತುಂಗೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು. ಕೆಂಪಿ ದಾರಿಯುದ್ದಕ್ಕೂ ಮೊಮ್ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.

ರಕ್ತ ಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ 90 ಸಾವಿರಕ್ಕೆ ಇಳಿದಿತ್ತು. ನಾಯಿಗೆ ಇದು ಸುಮಾರು ಎರಡು ಲಕ್ಷದ ಮೇಲಿರಬೇಕು. ಉಣುಗು ಕಚ್ಚಿ ಬರುವ ಎರ್ಲಿಕಿಯಾ ಸೋಂಕು ಎಂದು ಪರೀಕ್ಷೆ ತೋರಿಸಿತು. ಮಲೆನಾಡಿನ ನಾಯಿಗೆ ಶಸ್ತ್ರಚಿಕಿತ್ಸೆ ಮಾಡುವ ಮೊದಲು ಇದನ್ನು ನೋಡದಿದ್ದರೆ ದೊಡ್ಡ ಅನಾಹುತ. ಕಣ್ಣುಗೂಡು ರಕ್ತನಾಳಗಳ ಜಾಗ, ರಕ್ತ ಹೆಪ್ಪುಗಟ್ಟದ ನಾಯಿಯಲ್ಲಿ ಅಲ್ಲಿ ಕತ್ತರಿ ಇಡುವಂತಿಲ್ಲ. ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ದಿನಾ ಡಾಕ್ಸಿಸೈಕ್ಲಿನ್, ಅನ್ನದ ಜೊತೆ, 28 ದಿನ. ಅಷ್ಟು ದಿನ ಕಾರ್ನಿಯಾ ಉಳಿಯಬೇಕಲ್ಲ, ಅದಕ್ಕೆ ರೆಪ್ಪೆಗಳನ್ನು ತಾತ್ಕಾಲಿಕವಾಗಿ ಹೊಲಿದು, ಮೂಲೆಯಲ್ಲಿ ಔಷಧಿ ಬಿಡುವಷ್ಟು ಜಾಗ ಬಿಟ್ಟರು.

ಹೊಲಿಗೆಗೆ ಮುಂಚೆ ಕಣ್ಣಿನ ಮೇಲೆ ಅಲ್ಟ್ರಾಸೌಂಡ್ ಮಾಡಿದರು. ಗುಡ್ಡೆಯ ಹಿಂಗೋಡೆಯನ್ನು ಒಳಕ್ಕೆ ತಗ್ಗಿಸುತ್ತಾ ಎರಡೂವರೆ ಸೆಂಟಿಮೀಟರಿನಷ್ಟು ಗುಂಡಗಿನ ಗಡ್ಡೆ. ಅದರೊಳಗೆ ಅಲ್ಲಲ್ಲಿ ಸುಣ್ಣದ ಹರಳಿನಂತೆ ಬೆಳ್ಳಗೆ ಹೊಳೆಯುವ ಚುಕ್ಕೆ, ಚುಕ್ಕೆಯ ಹಿಂದೆ ಕಪ್ಪು ನೆರಳು. ಕೀವಿನ ಕುಳಿ ಕಾಣಲಿಲ್ಲ. ಪರದೆ ನೋಡುತ್ತಲೇ ಕಣ್ಣಿನ ಹೊರಮೂಲೆಯ ಹಿಂದಿನಿಂದ ಸಣ್ಣ ಸೂಜಿ ಇಳಿಸಿ ಕೋಶಗಳನ್ನು ತೆಗೆದರು. ಸ್ಲೈಡಿನಲ್ಲಿ ಕೀವಿನ ಕಣ ಇಲ್ಲ, ರೋಗಾಣು ಇಲ್ಲ. ಉದ್ದುದ್ದ ಕೋಶಗಳು ಗುಂಪುಗುಂಪಾಗಿ, ಕೆಲವು ಕಡೆ ಸುಳಿ ಸುತ್ತಿದಂತೆ. ಸೂಜಿಯ ಮಾದರಿ ಪೂರ್ತಿ ತೀರ್ಪು ಕೊಡುವುದಿಲ್ಲ. ಆದರೆ ನೋವಿಲ್ಲದ ನಿಧಾನ ಬೆಳವಣಿಗೆ, ಕುರುಡು, ನೇರ ಮುಂದೆ ಬಂದ ಕಣ್ಣು, ಸುಣ್ಣದ ಚುಕ್ಕೆ, ಈ ಕೋಶಗಳು, ಎಲ್ಲ ಸೇರಿ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು: ದೃಷ್ಟಿನರದ ಮೆನಿಂಜಿಯೋಮಾ.

ದೃಷ್ಟಿನರ ಮಿದುಳಿನದೇ ಒಂದು ಚಾಚು. ಮಿದುಳಿಗಿರುವ ಪೊರೆಗಳೇ ಅದಕ್ಕೂ ಹೊದಿಕೆ. ಆ ಪೊರೆಯಲ್ಲಿ ಹುಟ್ಟುವ ಗಡ್ಡೆ ನರವನ್ನು ಸುತ್ತಿ ಹಿಚುಕುವುದರಿಂದ ಕಣ್ಣು ಬೇಗ ಕುರುಡಾಗುತ್ತದೆ. ನಾಯಿಗಳ ಕಣ್ಣುಗೂಡಿನ ಗಡ್ಡೆಗಳಲ್ಲಿ ಬಹುಪಾಲು ಮಾರಕವೇ: ಮೂಳೆಯ, ನಾರಿನ ಅಂಗಾಂಶದ ಕ್ಯಾನ್ಸರ್‌ಗಳಾದ ಸಾರ್ಕೋಮಾಗಳು, ಗ್ರಂಥಿಗಳ ಕ್ಯಾನ್ಸರ್, ಮೂಗಿನಿಂದ ಹಬ್ಬಿದ್ದು, ಲಿಂಫೋಮಾ. ಅವುಗಳ ಪಕ್ಕದಲ್ಲಿಟ್ಟರೆ ಈ ಮೆನಿಂಜಿಯೋಮಾ ನಿಧಾನದ್ದು, ದೂರದ ಅಂಗಗಳಿಗೆ ಹಾರುವುದು ಅಪರೂಪ. ಇದರ ಕೆಡುಕು ಬೇರೆ. ನರದ ಗುಂಟ ಹಿಂದಕ್ಕೆ ತೆವಳುತ್ತದೆ. ಎರಡೂ ಕಣ್ಣಿನ ನರಗಳು ಸಂಧಿಸುವ ಜಾಗಕ್ಕೆ ಮುಟ್ಟಿದರೆ ಒಳ್ಳೆಯ ಕಣ್ಣೂ ಹೋಗುತ್ತದೆ.

ಹಾಗಾಗಿ ಅದು ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಲು ಸಿಟಿ ಸ್ಕ್ಯಾನ್ ಬೇಕಿತ್ತು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಖರ್ಚು ಸಣ್ಣದಲ್ಲ, ಆ ವರ್ಷ ಕೊಳೆಯಿಂದ ಅವರ ತೋಟದಲ್ಲಿ ಕಾಯಿ ಉದುರುತ್ತಿತ್ತು. ಆ ಲೆಕ್ಕ ನಾನು ಹಾಕಬೇಕಾದದ್ದಲ್ಲ ಎಂದು ಈಗ ಅನ್ನಿಸುತ್ತದೆ. ಇರುವ ದಾರಿಗಳನ್ನೆಲ್ಲ ಹೇಳುವುದು ವೈದ್ಯನ ಕೆಲಸ, ಆರಿಸುವುದು ಮನೆಯವರದು. ಹೇಳಿದೆ. ಯಜಮಾನರು ಒಂದು ದಿನ ಸಮಯ ಕೇಳಿ, ಮಾರನೇ ದಿನ "ಗಾಡಿ ಗೊತ್ತು ಮಾಡಿದೀನಿ" ಎಂದರು.

ಸ್ಕ್ಯಾನಿನಲ್ಲಿ ಗಡ್ಡೆ ಸ್ನಾಯುಗಳ ಒಳಗೇ ಇತ್ತು. ಮೂಳೆ ತಿಂದಿರಲಿಲ್ಲ. ನರ ತಲೆಬುರುಡೆಯೊಳಗೆ ಹೋಗುವ ರಂಧ್ರ ಎರಡೂ ಕಡೆ ಒಂದೇ ಅಳತೆ. ಎದೆಯಲ್ಲಿ ಗಂಟುಗಳಿಲ್ಲ. ನರದ ಒಳಗಿನ ಸೂಕ್ಷ್ಮ ಹರಡುವಿಕೆಯನ್ನು ಎಂಆರ್‌ಐ ಇನ್ನೂ ಚೆನ್ನಾಗಿ ತೋರಿಸುತ್ತದೆ. ಅಷ್ಟು ದೂರ ನಾವು ಹೋಗಲಿಲ್ಲ.

ತೀರ್ಮಾನ, ಶಸ್ತ್ರಚಿಕಿತ್ಸೆ

ಜಗಲಿಯಲ್ಲಿ ಕೂತು ಮಾತಾಡಿದೆವು. ಕೆನ್ನೆಮೂಳೆ ಬಿಡಿಸಿ ಗಡ್ಡೆಯನ್ನಷ್ಟೇ ತೆಗೆದು ಕಣ್ಣು ಉಳಿಸುವ ವಿಧಾನ ಇದೆ. ಆದರೆ ಕಾಣದ ಕಣ್ಣನ್ನು ಉಳಿಸಲು ಹೋಗಿ ಗಡ್ಡೆಯ ಚೂರು ಬಿಟ್ಟುಬರುವುದರಲ್ಲಿ ಅರ್ಥವಿರಲಿಲ್ಲ. ವಿಕಿರಣ ಚಿಕಿತ್ಸೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಏನೂ ಮಾಡದೆ ನೋವಿನ ಮಾತ್ರೆಯಲ್ಲಿ ಇಡಬಹುದು. ಆಗ ಕಾರ್ನಿಯಾ ಒಡೆಯುವ ದಿನ ಬಂದೇ ಬರುತ್ತದೆ. ಉಳಿದದ್ದು ಗುಡ್ಡೆ, ಸ್ನಾಯು, ಕೊಬ್ಬು, ಗಡ್ಡೆ ಎಲ್ಲವನ್ನೂ ಒಂದೇ ಗಂಟಾಗಿ ಗೂಡಿನಿಂದ ಬಿಡಿಸಿ ತೆಗೆಯುವುದು.

ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಕಣ್ಣು ತೆಗೆದ್ರೆ ಅದಕ್ಕೆ ಬೇಜಾರಾಗಲ್ದಾ ಡಾಕ್ಟ್ರೇ? ಮುಖ ಹಂಗಾತಲ್ಲ ಅಂತ?"

"ಅಮ್ಮಾ, ಅದಕ್ಕೆ ಕನ್ನಡಿ ಇಲ್ಲ. ಆ ಕಣ್ಣು ಈಗಲೇ ಕಾಣ್ತಿಲ್ಲ. ನೋವು ಮಾತ್ರ ಉಳಿದಿದೆ. ನೋವು ಹೋದ್ರೆ ಅದಕ್ಕೆ ಅಷ್ಟೇ ಸಾಕು" ಎಂದೆ. ನನಗೆ ಗೊತ್ತಿದ್ದ ಸತ್ಯ ಅದು. ನಾಯಿ ಮೂಗು, ಕಿವಿಯ ಮೇಲೆ ಬದುಕುವ ಜೀವ.

ಹುಬ್ಬೆ ಮಳೆಯಲ್ಲಿ, ಪ್ಲೇಟ್‌ಲೆಟ್ 2.1 ಲಕ್ಷಕ್ಕೆ ಏರಿದ ಮೇಲೆ, ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನಾನು ಸಹಾಯಕನಾಗಿ ನಿಂತಿದ್ದೆ. ರೆಪ್ಪೆಗಳನ್ನು ಒಂದಕ್ಕೊಂದು ಹೊಲಿದು, ಸುತ್ತಲೂ ಚರ್ಮ ಕೊಯ್ದು, ಸ್ನಾಯುಗಳ ಹೊರಮಗ್ಗುಲಿನಿಂದಲೇ ಹಿಂದಕ್ಕೆ ಬಿಡಿಸುತ್ತಾ ಹೋದರು. ಗಡ್ಡೆಗೆ ಕತ್ತಿ ತಾಗಬಾರದು. ಅರ್ಧ ದಾರಿಯಲ್ಲಿ ಮಾನಿಟರಿನ ಸದ್ದು ನಿಧಾನವಾಯಿತು. ಹೃದಯ ಬಡಿತ ನಿಮಿಷಕ್ಕೆ 96 ಇದ್ದದ್ದು 52. ಕಣ್ಣನ್ನು ಎಳೆದಾಗ ನರಗಳ ಮೂಲಕ ಹೃದಯಕ್ಕೆ ಹೀಗೆ ಕಡಿವಾಣ ಬೀಳುವುದುಂಟು. ಕೈ ಸಡಿಲಿಸಿ, ಅಟ್ರೋಪಿನ್ ಕೊಟ್ಟು, ಬಡಿತ ಮೇಲೇರುವವರೆಗೆ ಎಲ್ಲರೂ ಸುಮ್ಮನೆ ನಿಂತೆವು. ಆ ಒಂದು ನಿಮಿಷ ಬಹಳ ಉದ್ದವಿತ್ತು. ನರವನ್ನು ಎಳೆಯದೆ, ಆದಷ್ಟು ಹಿಂದೆ ಕತ್ತರಿಸಿದರು. ಎಳೆದರೆ ನರಗಳ ಸಂಧಿಗೆ ಪೆಟ್ಟಾಗಿ ಇನ್ನೊಂದು ಕಣ್ಣಿಗೆ ತೊಂದರೆಯಾಗಬಹುದು. ರಕ್ತ ಒಸರಿತು, ಒತ್ತಿ ಹಿಡಿದಾಗ ನಿಂತಿತು. ನರದ ಕತ್ತರಿಸಿದ ತುದಿಗೆ ಗುರುತಿನ ದಾರ ಕಟ್ಟಿ ಇಡೀ ಗಂಟನ್ನು ಫಾರ್ಮಲಿನ್‌ನಲ್ಲಿಟ್ಟು ಪರೀಕ್ಷೆಗೆ ಕಳಿಸಿದೆವು. ಈ ದಾರ ಕಟ್ಟುವುದನ್ನು ಮರೆಯಬಾರದು. ಎಲ್ಲ ಬಂತೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆ ತುದಿಯಲ್ಲಿ.

ಮನೆಗೆ ಹೋದ ಮೇಲೆ ಎಡ ಹೊಳ್ಳೆಯಿಂದ ಮೂರು ದಿನ ರಕ್ತ ಬೆರೆತ ನೀರು ಬಂತು. ಕಣ್ಣೀರು ಮೂಗಿಗೆ ಇಳಿಯುವ ದಾರಿಯಲ್ಲಿ ಹಾಗೆ ಬರುತ್ತದೆ ಎಂದು ಮೊದಲೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ. ಕುತ್ತಿಗೆಗೆ ಹಾಕಿದ ಪ್ಲಾಸ್ಟಿಕ್ ಕೋನ್ ಕೆಂಪಿ ಎರಡೇ ದಿನದಲ್ಲಿ ಒಡೆದು ಹಾಕಿತು. ಯಜಮಾನರು ನೆನೆಸಿದ ಅಡಿಕೆ ಹಾಳೆಯಲ್ಲಿ ಹೊಸದು ಮಾಡಿ ಕಟ್ಟಿದರು. ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುವವರೆಗೂ ಅದು ಗಟ್ಟಿಯಾಗಿತ್ತು, ನಾನು ಕಂಡ ಕೋನ್‌ಗಳಲ್ಲಿ ಅದೇ ಹಗುರ.

ವರದಿ ಬಂತು: ಮೆನಿಂಜಿಯೋಮಾ. ನರದ ತುದಿಯಲ್ಲಿ ಕೆಲವು ಗಡ್ಡೆಯ ಕೋಶಗಳಿವೆ.

ಆ ಎರಡನೇ ವಾಕ್ಯವನ್ನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಮರಳಿ ಬರಬಹುದು, ಬಂದರೆ ಒಳಗಡೆ ಬರುತ್ತದೆ, ಮೊದಲು ಗೊತ್ತಾಗುವುದು ಬಲಗಣ್ಣಿನಲ್ಲಿ ಅಥವಾ ಫಿಟ್ಸ್ ಬಂದಾಗ. ಐದು ವಾರ ಮೊದಲೇ ತೆಗೆದಿದ್ದರೆ ತುದಿ ಶುದ್ಧ ಇರುತ್ತಿತ್ತೇ? ಆ ಪ್ರಶ್ನೆಯನ್ನು ಅವರು ಕೇಳಲಿಲ್ಲ. ನಾನೇ ಎತ್ತಿದೆ, ಮೊದಲ ಭೇಟಿಯಲ್ಲಿ ಟಾರ್ಚ್ ಹಿಡಿಯದೆ ಹೋದದ್ದು ನನ್ನ ತಪ್ಪು ಎಂದೂ ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಅಂಗಳ ನೋಡಿದರು. "ಆ ಟಾರ್ಚ್ ಹಿಡಿಯೋದು ಹೆಂಗೆ ಅಂತ ನಮಗೂ ಹೇಳಿಕೊಡಿ" ಎಂದರು.

ಮೊಮ್ಮಗಳು ಕಲಿತಳು. ತಿಂಗಳ ಮೊದಲ ಭಾನುವಾರ ಸಂಜೆ, ನಡುಮನೆಯ ದೀಪ ಆರಿಸಿ, ಕೆಂಪಿಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಬಲಗಣ್ಣಿಗೆ ಬೆಳಕು ಬಿಡುತ್ತಾಳೆ. ಪಾಪೆ ಕುಗ್ಗುವುದನ್ನು ವೀಡಿಯೋ ಮಾಡಿ ನನಗೆ ಕಳಿಸುತ್ತಾಳೆ. ಈಗ ಹದಿನಾಲ್ಕು ತಿಂಗಳಾಯಿತು. ಎಡಗಡೆ ಗೂಡು ತಗ್ಗಾಗಿ ಮೇಲೆ ಕೂದಲು ಬೆಳೆದಿದೆ. ದಾರಂದಕ್ಕೆ ತಾಗುವುದು ನಿಂತಿದೆ, ಎಡಗಡೆಗೆ ತಲೆ ಹೊರಳಿಸಿ ನಡೆಯುವುದು ರೂಢಿಯಾಗಿದೆ. ಮಂಗ ಬಂದರೆ ಮೊದಲಿನಂತೆಯೇ ಓಡುತ್ತದೆ.

ಮೊನ್ನೆಯ ವೀಡಿಯೋ ಬಂದಾಗ ಅವರ ಮನೆಯಲ್ಲಿ ಅಡಿಕೆ ಸುಲಿಯುವವರು ಕೂತಿದ್ದರು, ಹಿಂದೆ ಮಾತುಕತೆ ಕೇಳಿಸುತ್ತಿತ್ತು. ಬೆಳಕು ಬಿದ್ದ ಕೂಡಲೆ ಪಾಪೆ ಚಕ್ಕನೆ ಸಣ್ಣದಾಯಿತು. ಕೆಳಗೆ ಅವಳು ಬರೆದಿದ್ದಳು: "ಈ ತಿಂಗಳೂ ಸಣ್ಣ ಆಯ್ತು ಡಾಕ್ಟ್ರಂಕಲ್."